ದೀಪಾವಳಿಗೆ ಪಟಾಕಿ ತರುವ ಮುಂಚೆ ನಿಮ್ಮ ಅಂಗಳ ನೋಡಿ

ಪಟಾಕಿ ಅಂಗಡಿಗೆ ಹೋದವರು ಮೊದಲು ಡಬ್ಬಿ ಮೇಲಿನ ಚಿತ್ರ ನೋಡುತ್ತಾರೆ, ಆಮೇಲೆ ರೇಟು ಕೇಳುತ್ತಾರೆ, ಆಮೇಲೆ ಜೊತೆಗೆ ಬಂದ ಹುಡುಗರ ಮುಖ ನೋಡಿ ಇನ್ನೆರಡು ಡಬ್ಬಿ ಜಾಸ್ತಿ ಎತ್ತಿಕೊಂಡು ಬರುತ್ತಾರೆ. ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ, 60 ಶಾಟಿನ ಡಬ್ಬಿ ಇಡೋಕೆ ಜಾಗವೇ ಇಲ್ಲ, ಮೇಲೆ ಕರೆಂಟ್ ತಂತಿ, ಪಕ್ಕದಲ್ಲಿ ಯಾರದೋ ಕಾರು. ಆದರೂ ದುಡ್ಡು ಕೊಟ್ಟು ತಂದಿದ್ದೇವಲ್ಲ ಅಂತ ಹಚ್ಚೇ ಹಚ್ಚುತ್ತಾರೆ. ಅಲ್ಲೇ ಎಡವಟ್ಟು ಆಗೋದು.

ಅದಕ್ಕೇ ಇಲ್ಲಿ ಕ್ರಮ ಉಲ್ಟಾ. ಮೊದಲು ಜಾಗ, ಆಮೇಲೆ ಜನ, ಕೊನೆಗೆ ಪಟಾಕಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮನೆಯಲ್ಲಿ ನಂಟರು, ಓಣಿಯವರು ಕೂಡಿ ಹಬ್ಬ ಮಾಡುವವರಿಗೆ ಅಂತಲೇ ಬರೆದಿದ್ದೇನೆ.

ಮೊದಲು: ಸಂಜೆ ಹೊತ್ತು ಹೊರಗೆ ಬಂದು ನಿಂತು ನೋಡಿ

ಹಬ್ಬಕ್ಕೆ ಒಂದು ವಾರ ಇರುವಾಗ, ಕತ್ತಲಾದ ಮೇಲೆ, ಪಟಾಕಿ ಹಾರಿಸುವ ಜಾಗದಲ್ಲೇ ನಿಂತುಕೊಳ್ಳಿ. ಮೇಲೆ ನೋಡಿ. ತಂತಿ, ಮರದ ಕೊಂಬೆ, ಎದುರು ಮನೆಯ ಬಾಲ್ಕನಿ, ಒಣಹಾಕಿದ ಬಟ್ಟೆ, ಶಾಮಿಯಾನ ಏನಾದರೂ ಇದ್ದರೆ ಮೇಲಕ್ಕೆ ಹಾರುವ ಎಲ್ಲವನ್ನೂ ಪಟ್ಟಿಯಿಂದ ಆಗಲೇ ತೆಗೆದುಬಿಡಿ. ರಾಕೆಟ್ಟೂ ಬೇಡ, ಶಾಟ್ ಡಬ್ಬಿಯೂ ಬೇಡ. ಬಳ್ಳಾರಿಯ ಕೌಲ್ ಬಜಾರ್ ಕಡೆಯ ಸಂದಿಗಳಲ್ಲಿ, ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತ ಇರುವವರಿಗೆ ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ನೆಲದ ಮೇಲೆ ಉರಿಯುವುದು, ಕೈಯಲ್ಲಿ ಹಿಡಿಯುವುದು, ಅಷ್ಟೇ.

ಆಮೇಲೆ ಗಾಳಿ ನೋಡಿ. ದೀಪಾವಳಿ ಹೊತ್ತಿಗೆ ನಮ್ಮ ಕಡೆ ಮೂಡಗಾಳಿ ಶುರುವಾಗಿರುತ್ತದೆ. ಕಿಡಿ, ಹೊಗೆ ಎರಡೂ ಪಡುವಣಕ್ಕೆ ಹೋಗುತ್ತವೆ. ನಿಮ್ಮ ಮನೆಯ ಪಡುವಣ ದಿಕ್ಕಿಗೆ ಏನಿದೆ ಅನ್ನೋದೇ ಮುಖ್ಯ ಪ್ರಶ್ನೆ.

ಹಳ್ಳಿಯಲ್ಲಿ ಇದಕ್ಕೆ ಉತ್ತರ ಬಹಳ ಸಲ ಬಣವೆ. ಜೋಳದ ಕಣಿಕೆ, ಶೇಂಗಾ ಹೊಟ್ಟು, ಬತ್ತದ ಹುಲ್ಲು, ಒಂದಲ್ಲ ಒಂದು ಇದ್ದೇ ಇರುತ್ತದೆ. ಅದರ ಜೊತೆಗೆ ರಾಯಚೂರು ಜಿಲ್ಲೆಯಲ್ಲಿ ಇದು ಹತ್ತಿ ಬಿಡಿಸುವ ಕಾಲ. ರೇಟು ಬರಲಿ ಅಂತ ಪಡಸಾಲೆಯಲ್ಲೋ, ಮುಂದಿನ ಕೋಣೆಯಲ್ಲೋ ಹತ್ತಿ ರಾಶಿ ಹಾಕಿರುತ್ತಾರೆ, ಬಾಗಿಲು ತೆಗೆದಿರುತ್ತದೆ. ಬಿಡಿ ಹತ್ತಿಗೆ ಒಂದು ಕಿಡಿ ಸಾಕು. ಹತ್ತಿ ಬೆಂಕಿಯ ಇನ್ನೊಂದು ಕೆಟ್ಟ ಗುಣ ಏನಂದರೆ ಮೇಲೆ ಆರಿದ ಹಾಗೆ ಕಂಡರೂ ಒಳಗೊಳಗೇ ಕೆಂಡ ಇರುತ್ತದೆ, ಎಷ್ಟೋ ಹೊತ್ತಾದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಹತ್ತಿ ಇಟ್ಟ ಮನೆಯಲ್ಲಿ ಬಾಗಿಲು, ಕಿಟಕಿ ಮುಚ್ಚಿ, ಪಟಾಕಿಯನ್ನು ಓಣಿಯ ಇನ್ನೊಂದು ತುದಿಯಲ್ಲಿ ಹಚ್ಚಿ. ಸುತ್ತ ಬಣವೆ ಇದ್ದರೆ ರಾಕೆಟ್ ಬಿಡುವ ಮಾತೇ ಇಲ್ಲ. ರಾಕೆಟ್ ಎಲ್ಲಿ ಇಳಿಯುತ್ತದೆ ಅಂತ ಅದನ್ನು ಮಾಡಿದವನಿಗೂ ಗೊತ್ತಿರುವುದಿಲ್ಲ.

ಮಣ್ಣಿನ ಮಾಳಿಗೆ ಮನೆಯವರಿಗೆ ಒಂದು ಮಾತು. ಮಾಳಿಗೆ ಮೇಲಿನ ಬೆಳಕಿಂಡಿ ಮುಚ್ಚಿ. ಹಗಲು ಬೆಳಕು ಬರಲಿ ಅಂತ ತೆಗೆದಿಟ್ಟಿದ್ದು ರಾತ್ರಿ ಹಾಗೇ ಉಳಿದುಬಿಡುತ್ತದೆ, ಕೆಳಗೆ ನೇರವಾಗಿ ಹಾಸಿಗೆಯೋ, ಜೋಳದ ಚೀಲವೋ ಇರುತ್ತದೆ. ಒಂದು ತಗಡು, ಮೇಲೆ ಒಂದು ಕಲ್ಲು. ಕೆಲಸ ಮುಗಿಯಿತು.

ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವವರು ಬಹಳ. ಕಟಿಂಗ್ ಮಾಡಿ ಉಳಿದ ಚಿಂದಿ ಬಟ್ಟೆ ಮೂಟೆ ಕಟ್ಟಿ ಟೆರೇಸ್ ಮೇಲೆ, ಮೆಟ್ಟಿಲ ಕೆಳಗೆ ಇಟ್ಟಿರುತ್ತಾರೆ. ಅಂಥ ಟೆರೇಸ್ ಮೇಲೆ ಪಟಾಕಿ ಹಚ್ಚಬೇಡಿ. ಟೆರೇಸ್ ಅನ್ನುವುದೇ ಪಟಾಕಿಗೆ ಒಳ್ಳೆ ಜಾಗ ಅಲ್ಲ, ಹಿಂದೆ ಸರಿಯೋಕೆ ಜಾಗ ಇರುವುದಿಲ್ಲ.

ಎರಡನೇದು: ಯಾರ್ಯಾರು ಬರುತ್ತಾರೆ?

ಪಾರ್ಟಿ ಅಂದರೆ ನೀವು ಒಬ್ಬರೇ ಇರುವುದಿಲ್ಲ. ಎರಡು ವರ್ಷದ ಕೂಸು, ದಮ್ಮಿರುವ ಅಜ್ಜ, ಬಸುರಿ ಹೆಣ್ಣುಮಗಳು, ನಾಯಿ, ಎತ್ತು, ಎಮ್ಮೆ, ಇವರಲ್ಲಿ ಯಾರಾದರೂ ಇದ್ದರೆ ಸದ್ದಿನ ಪಟಾಕಿ ಬಿಟ್ಟುಬಿಡಿ, ಇಲ್ಲವೇ ಅದಕ್ಕೆ ಊರ ಹೊರಗಿನ ಬಯಲಿಗೆ ಹೋಗಿ. ದೊಡ್ಡಿ ಮನೆಗೆ ಅಂಟಿಕೊಂಡೇ ಇದ್ದರೆ ನಿಮಗೆ ಗೊತ್ತೇ ಇರುತ್ತದೆ, ಒಂದು ಆಟಂ ಬಾಂಬಿಗೆ ಎತ್ತು ಹಗ್ಗ ಜಗ್ಗಿ ಗೂಟ ಕಿತ್ತುಕೊಂಡು ಬರುತ್ತದೆ. ಪಾಡ್ಯದ ದಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಪೂಜೆ ಮಾಡಿ, ಅದೇ ರಾತ್ರಿ ಅದರ ಕಿವಿ ಹತ್ತಿರ ಬಾಂಬ್ ಇಡುವುದು ಯಾವ ನ್ಯಾಯ ಹೇಳಿ.

ದಮ್ಮಿನವರ ವಿಷಯಕ್ಕೆ ಬಂದರೆ ಹೊಗೆ ಮುಖ್ಯ, ಸದ್ದಲ್ಲ. ಇಲ್ಲಿ ಬಹಳ ಜನ ಮೋಸ ಹೋಗುವುದು ಹಾವಿನ ಗುಳಿಗೆ ನೋಡಿ. ಸದ್ದಿಲ್ಲ, ಹಾರುವುದಿಲ್ಲ, ಸಣ್ಣ ಮಕ್ಕಳಿಗೆ ಸರಿ ಅಂತ ತರುತ್ತಾರೆ. ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್‌ನವರು ಸುರ್‌ಸುರ್ ಬತ್ತಿ, ಭೂಚಕ್ರ, ಹೂಕುಂಡ, ಸರ ಪಟಾಕಿ ಎಲ್ಲದರ ಹೊಗೆ ಅಳೆದು ನೋಡಿದಾಗ ಶ್ವಾಸಕೋಶದ ಒಳಕ್ಕೆ ಇಳಿಯುವ ಸಣ್ಣ ಕಣಗಳನ್ನು ಎಲ್ಲಕ್ಕಿಂತ ಜಾಸ್ತಿ ಬಿಟ್ಟಿದ್ದು ಈ ಗುಳಿಗೆಯೇ. ಅದನ್ನು ಹಚ್ಚುವ ಮಕ್ಕಳು ಕುಕ್ಕರಗಾಲಲ್ಲಿ ಕೂತು, ಮೂಗು ಅದರ ಮೇಲೇ ಇಟ್ಟು ನೋಡುತ್ತಾರೆ. ಇದನ್ನು ಮಾತ್ರ ತರಲೇಬೇಡಿ.

ಮೂರನೇದು: ಈಗ ಪಟ್ಟಿ ಬರೆಯಿರಿ

ಅಂಗಡಿಯಲ್ಲಿ ನಿಂತು ಯೋಚನೆ ಮಾಡಬೇಡಿ. ಮನೆಯಲ್ಲೇ ಚೀಟಿ ಬರೆದುಕೊಂಡು ಹೋಗಿ.

ಸುರ್‌ಸುರ್ ಬತ್ತಿ ಎಲ್ಲರ ಮನೆಯಲ್ಲೂ ಇರುತ್ತದೆ. ಇದು ಮಕ್ಕಳದ್ದು, ಏನೂ ಆಗಲ್ಲ ಅನ್ನುವ ಧೈರ್ಯ ಬೇಡ. ಅದರ ತುದಿಯ ಬಿಸಿ 1000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಅನ್ನ ಮಾಡುವ ನೀರು ಕುದಿಯುವುದು 100ಕ್ಕೆ. ಮಕ್ಕಳಿಗೆ 7 ಸೆಂಟಿಮೀಟರಿನ ಗಿಡ್ಡ ಬತ್ತಿ ತರಬೇಡಿ, ಬೆಂಕಿ ಬೆರಳಿಗೆ ಬಹಳ ಹತ್ತಿರ ಬರುತ್ತದೆ. 15 ಸೆಂಟಿಮೀಟರಿನದು ತನ್ನಿ. ಐದು ವರ್ಷದ ಒಳಗಿನವರಿಗೆ ಯಾವುದನ್ನೂ ಕೈಗೆ ಕೊಡಬೇಡಿ, ಎತ್ತಿಕೊಂಡು ದೂರದಿಂದ ತೋರಿಸಿ. ಕೂಸನ್ನು ಬಗಲಲ್ಲಿ ಇಟ್ಟುಕೊಂಡು ನೀವೇ ಬತ್ತಿ ಹಚ್ಚುವುದೂ ಬೇಡ. ಡಬ್ಬಿ ಮೇಲೆ ಎಲೆಕ್ಟ್ರಿಕ್, ಕ್ರ್ಯಾಕ್ಲಿಂಗ್, ರೆಡ್, ಗ್ರೀನ್ ಅಂತ ಇರುತ್ತದೆ. ಕ್ರ್ಯಾಕ್ಲಿಂಗ್ ಅಂದರೆ ಚಟಪಟ ಅಂತ ಕಿಡಿ ಹಾರಿಸುವುದು, ಸಣ್ಣವರಿಗೆ ಬೇಡ.

ಹೂಕುಂಡ ನನ್ನ ಮಟ್ಟಿಗೆ ಮನೆ ಹಬ್ಬಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಸದ್ದು ಕಡಿಮೆ, ನೋಡೋಕೆ ಚೆಂದ, ಹತ್ತು ಜನ ಒಟ್ಟಿಗೆ ನಿಂತು ನೋಡಬಹುದು. ಸ್ಮಾಲ್, ಬಿಗ್, ಸ್ಪೆಷಲ್, ಅಶೋಕ ಅಂತ ಸೈಜು ಇರುತ್ತವೆ. ಸಂದಿಯಲ್ಲಿ ಇರುವವರಿಗೆ ಸ್ಮಾಲ್ ಸಾಕು. ದೊಡ್ಡವು ಆಳೆತ್ತರ ದಾಟಿ ಏರುತ್ತವೆ, ಕೆಲವೊಮ್ಮೆ ಕುಂಡವೇ ಢಂ ಅಂತ ಒಡೆಯುತ್ತದೆ. ಹಾಗಾಗಿ ಇದಕ್ಕೂ ಐದಾರು ಹೆಜ್ಜೆ ದೂರ ಬೇಕು. ಕೈಯಲ್ಲಿ ಹಿಡಿದುಕೊಂಡು ಹೂಕುಂಡ ಹಚ್ಚುವ ಶೂರರು ಪ್ರತಿ ಓಣಿಯಲ್ಲಿ ಒಬ್ಬರು ಇರುತ್ತಾರೆ, ಅವರನ್ನು ಕರೆಯಬೇಡಿ.

ಭೂಚಕ್ರಕ್ಕೆ ನುಣುಪಾದ ನೆಲ ಬೇಕು. ಬಂಡೆ ಹಾಸಿದ ಅಂಗಳ, ಸಿಮೆಂಟ್ ರಸ್ತೆ ಸರಿ. ಮಣ್ಣಿನ ಅಂಗಳದಲ್ಲಿ ಅದು ತಿರುಗದೆ ಒಂದು ಕಡೆ ನುಗ್ಗುತ್ತದೆ, ಅದೂ ಯಾವಾಗಲೂ ಜನ ಇರುವ ಕಡೆಗೇ.

ಲಕ್ಷ್ಮಿ ಪಟಾಕಿ, ಆಟಂ ಬಾಂಬ್ ಬಗ್ಗೆ ನನ್ನ ಅಭಿಪ್ರಾಯ ಆಗಲೇ ಹೇಳಿದೆ. ಬೇಕೇ ಬೇಕು ಅಂದರೆ ಒಂದು ಸಣ್ಣ ಪ್ಯಾಕೆಟ್, ದೊಡ್ಡವರ ಕೈಗೆ ಮಾತ್ರ. ಬತ್ತಿ ಗಿಡ್ಡ ಇರುವುದನ್ನು ಅಂಗಡಿಯಲ್ಲೇ ವಾಪಸ್ ಕೊಡಿ.

ಸರ ಪಟಾಕಿ ಬೇಡ, ಇದು ನನ್ನ ಅಭಿಪ್ರಾಯ ಅಲ್ಲ. 2018ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಲ್ಲೇ ಸರ ಪಟಾಕಿ ತಯಾರಿಕೆ, ಮಾರಾಟ, ಬಳಕೆ ಮೂರಕ್ಕೂ ನಿಷೇಧ ಇದೆ. ಅಮಾವಾಸ್ಯೆ ದಿನ ಅಂಗಡಿ ಪೂಜೆ ಆದ ಮೇಲೆ ಬಜಾರಿನಲ್ಲಿ ಉದ್ದಕ್ಕೆ ಹಾಸಿ ಹಚ್ಚುತ್ತಾರಲ್ಲ ಅಂತ ನೀವು ಕೇಳಬಹುದು. ಹಚ್ಚುತ್ತಾರೆ ನಿಜ. ಹಾಗಂತ ಅದು ಸರಿ ಅಂತ ಆಗಲ್ಲ.

ಶಾಟ್ ಡಬ್ಬಿ, ಅಂದರೆ 12, 30, 60, 120 ಅಂತ ಒಂದರ ಹಿಂದೆ ಒಂದು ಮೇಲೆ ಹೋಗಿ ಬಣ್ಣ ಚೆಲ್ಲುವುದು, ತಲೆ ಮೇಲೆ ಪೂರ್ತಿ ಆಕಾಶ ಕಾಣುವ ಜಾಗ ಇದ್ದವರಿಗೆ ಮಾತ್ರ. ಇದರಲ್ಲಿ ಅಪಾಯ ಒಂದೇ, ಮಧ್ಯದಲ್ಲಿ ಡಬ್ಬಿ ಅಡ್ಡ ಬೀಳುವುದು. ಮೂರನೇ ಶಾಟಿಗೆ ಬಿತ್ತು ಅಂದರೆ ಉಳಿದವೆಲ್ಲ ನಿಂತ ಜನರ ಮೇಲೇ ಬರುತ್ತವೆ, ನಿಲ್ಲಿಸೋಕೆ ಯಾರಿಂದಲೂ ಆಗಲ್ಲ. ಅದಕ್ಕೆ ಡಬ್ಬಿಯನ್ನು ಸಮನೆಲದಲ್ಲಿಟ್ಟು ನಾಲ್ಕೂ ಕಡೆ ಇಟ್ಟಿಗೆ ಒತ್ತಿ ಇಡಿ, ಕೈಯಿಂದ ಅಲ್ಲಾಡಿಸಿ ನೋಡಿ, ಅಲ್ಲಾಡಿದರೆ ಮತ್ತೆ ಒತ್ತಿ. 120ರದ್ದು ತಂದು ಹೆದರುವುದಕ್ಕಿಂತ 12ರದ್ದು ಎರಡು ತಂದರೆ ಮನಸ್ಸಿಗೆ ನೆಮ್ಮದಿ.

ನಾಲ್ಕನೇದು: ಅಂಗಡಿಯಲ್ಲಿ

ನಮ್ಮ ಕಡೆ ಬರುವ ಪಟಾಕಿ ಹೆಚ್ಚುಕಮ್ಮಿ ಎಲ್ಲಾ ತಮಿಳುನಾಡಿನ ಶಿವಕಾಶಿಯದ್ದು. ಹಬ್ಬದ ಹೊತ್ತಿಗೆ ಲೈಸೆನ್ಸ್ ಕೊಟ್ಟು ಮೈದಾನದಲ್ಲಿ ತಾತ್ಕಾಲಿಕ ಮಳಿಗೆ ಹಾಕಿಸುತ್ತಾರೆ. ಅಲ್ಲೇ ತಗೊಳ್ಳಿ, ಕಿರಾಣಿ ಅಂಗಡಿಯ ಗಲ್ಲಾ ಪಕ್ಕದಲ್ಲಿ ಜೋಡಿಸಿಟ್ಟಿದ್ದನ್ನು ಬೇಡ. 2008ರ ಸ್ಫೋಟಕ ನಿಯಮದ ಪ್ರಕಾರ ಈ ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಅಂತರ ಇರಬೇಕು, ಎದುರುಬದುರು ಇರಬಾರದು, ಬೆಂಕಿ ಹತ್ತದ ಸಾಮಾನಿನಿಂದ ಕಟ್ಟಿರಬೇಕು, ಅಲ್ಲಿ ಎಣ್ಣೆ ದೀಪ, ಗ್ಯಾಸ್ ದೀಪ ಇಡುವಂತಿಲ್ಲ. ಬಟ್ಟೆ ಶಾಮಿಯಾನ ಹಾಕಿ ಒಂದಕ್ಕೊಂದು ಅಂಟಿಸಿದ ಮಳಿಗೆ ಕಂಡರೆ ಒಳಗೆ ಹೋಗಬೇಡಿ. 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದಾಗ ಒಳಗಿದ್ದ ಎಷ್ಟೋ ಹುಡುಗರು ಹೊರಗೆ ಬರಲೇ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋಗದಿದ್ದರೆ ಇನ್ನೂ ಒಳ್ಳೆಯದು, ಅವರಿದ್ದರೆ ಚೀಟಿಗೆ ಬೆಲೆಯೂ ಇರುವುದಿಲ್ಲ.

ಕರ್ನಾಟಕದಲ್ಲಿ ಹಸಿರು ಪಟಾಕಿಗೆ ಮಾತ್ರ ಅನುಮತಿ. ನಾಗಪುರದ ನೀರಿ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದು ಇದು, ಮಾಮೂಲಿ ಪಟಾಕಿಗಿಂತ ಹೊಗೆಯ ಕಣಗಳು ಸುಮಾರು 30 ಪರ್ಸೆಂಟ್ ಕಡಿಮೆ ಅಂತ ಅವರ ಲೆಕ್ಕ. ಹೊಗೆ ಇಲ್ಲವೇ ಇಲ್ಲ ಅಂತಲ್ಲ, ಸದ್ದು ಇಲ್ಲ ಅಂತಲೂ ಅಲ್ಲ, ಬೆಂಕಿಯಂತೂ ಅದೇ ಬೆಂಕಿ. ಡಬ್ಬಿ ಕೈಗೆ ತಗೊಂಡು ತಿರುಗಿಸಿ ನೋಡಿ. ಹಸಿರು ಪಟಾಕಿಯ ಲೋಗೋ, ಕ್ಯೂಆರ್ ಕೋಡ್, ತಯಾರಿಸಿದ ಕಂಪನಿ ಹೆಸರು ಮತ್ತು ಊರು, ತಯಾರಾದ ತಿಂಗಳು ಇರಬೇಕು. ಕ್ಯೂಆರ್ ಕೋಡನ್ನು ನೀರಿಯ ಆ್ಯಪಿನಲ್ಲೇ ಸ್ಕ್ಯಾನ್ ಮಾಡಿ, ಸುಮ್ನೆ ಚೌಕ ಪ್ರಿಂಟ್ ಹಾಕಿದ ಡಬ್ಬಿಗಳೂ ಬರುತ್ತವೆ. ಲೇಬಲ್ ಇಲ್ಲದ ಬಿಡಿ ಪಟಾಕಿ, ಚೀನೀ ಅಕ್ಷರದ ಡಬ್ಬಿ ಎಷ್ಟೇ ಅಗ್ಗ ಇದ್ದರೂ ಬಿಟ್ಟುಬಿಡಿ.

ಇಲ್ಲೊಂದು ಗೊಂದಲ ಬಹಳ ಜನಕ್ಕೆ ಇದೆ. ಸುರ್‌ಸುರ್ ಬತ್ತಿ ಡಬ್ಬಿ ಮೇಲೆ ‘ಗ್ರೀನ್’ ಅಂತ ಬರೆದಿದ್ದರೆ ಅದು ಹಸಿರು ಪಟಾಕಿ ಅಂತಲ್ಲ, ಬೆಳಕಿನ ಬಣ್ಣ ಹಸಿರು ಅಂತ. ಪಟಾಕಿಯಲ್ಲಿ ಹಸಿರು ಬಣ್ಣ ಸಾಮಾನ್ಯವಾಗಿ ಬೇರಿಯಂನಿಂದ ಬರುತ್ತದೆ, ಬೇರಿಯಂ ಹಾಕುವುದನ್ನು ಕೋರ್ಟ್ ನಿಷೇಧಿಸಿದೆ. ಎಲೆ ಹಸಿರಿನ ಬೆಳಕು ಬರುತ್ತೆ ಅಂತ ಹೇಳಿ ಮಾರುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಿ.

ರೇಟಿನ ಆಟ ಗೊತ್ತಲ್ವಾ. ಡಬ್ಬಿ ಮೇಲೆ 500 ಅಂತ ಇರುತ್ತದೆ, 80 ಪರ್ಸೆಂಟ್ ಡಿಸ್ಕೌಂಟ್ ಅಂತ ಬೋರ್ಡ್ ಇರುತ್ತದೆ. ಎಂಆರ್‌ಪಿಯನ್ನೇ ಏರಿಸಿ ಹಾಕಿದ್ದು ಅದು. ಪರ್ಸೆಂಟ್ ಮರೆತು ಕೊನೆಗೆ ಕೈಯಿಂದ ಹೋಗುವ ದುಡ್ಡನ್ನು ಮಾತ್ರ ಪಕ್ಕದ ಮಳಿಗೆ ಜೊತೆ ಹೋಲಿಸಿ. ಬಿಲ್ ಕೇಳಿ. “ಪಟಾಕಿಗೆ ಯಾತರ ಬಿಲ್ ರೀ ಅಕ್ಕಾರ, ರೇಟ್ ಕಮ್ಮಿ ಮಾಡೀನಲ್ಲ” ಅನ್ನುತ್ತಾರೆ. ನಗುತ್ತಲೇ “ಇರ್ಲಿ ಕೊಡ್ರಿ ಅಣ್ಣಾ” ಅನ್ನಿ. ಹೋದ ವರ್ಷದ ಮಾಲು ಇದ್ದರೆ ಅಲ್ಲೇ ಮುಖದಲ್ಲಿ ಗೊತ್ತಾಗುತ್ತದೆ. ಡಬ್ಬಿ ಮೆತ್ತಗಾಗಿದ್ದರೆ, ಪುಡಿ ಸೋರುತ್ತಿದ್ದರೆ, ಬತ್ತಿ ಬಿಳಿಚಿಕೊಂಡಿದ್ದರೆ ಅದು ತೇವ ಹಿಡಿದ ಪಟಾಕಿ.

ವಾಟ್ಸಾಪಿನಲ್ಲಿ ಶಿವಕಾಶಿ ರೇಟ್ ಲಿಸ್ಟ್ ಬರುತ್ತದೆ, ದುಡ್ಡು ಹಾಕಿ ಪಾರ್ಸಲ್ ಕಳಿಸ್ತೀವಿ ಅಂತ. ಆನ್‌ಲೈನ್ ಮಾರಾಟವನ್ನು ಅದೇ 2018ರ ಆದೇಶ ತಡೆದಿದೆ. ದುಡ್ಡು ಹೋದರೆ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ?

ಐದನೇದು: ತರುವುದು, ಇಡುವುದು

ಪಟಾಕಿ ಹಿಡಿದು ರೈಲು ಹತ್ತಬೇಡಿ. ರೈಲ್ವೆ ಕಾಯ್ದೆ ಪ್ರಕಾರ 3 ವರ್ಷದವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬಸ್ಸಿನಲ್ಲೂ ತರಬೇಡಿ. ಬೈಕಿನಲ್ಲಿ ತರುವುದಾದರೆ ಚೀಲವನ್ನು ಟ್ಯಾಂಕ್ ಮೇಲೆ ಇಡಬೇಡಿ, ಸೈಲೆನ್ಸರ್ ಕಡೆಗೆ ಜೋತು ಬಿಡಬೇಡಿ, ಹಿಂದೆ ಕೂತವರ ಕೈಯಲ್ಲಿ ಕೊಡಿ.

ಮನೆಯಲ್ಲಿ ಅಡುಗೆಮನೆ, ದೇವರಮನೆ ಎರಡೂ ಬೇಡ. ಅಡುಗೆಮನೆಯಲ್ಲಿ ಗ್ಯಾಸ್, ದೇವರಮನೆಯಲ್ಲಿ ಹಬ್ಬದ ಐದು ದಿನವೂ ದೀಪ. ಬಿಸಿಲಿಗೆ ಒಣಗಿಸುವ ಅಭ್ಯಾಸ ಇನ್ನೂ ಕೆಲವರಿಗಿದೆ, ಟೆರೇಸ್ ಮೇಲೆ ಪೇಪರ್ ಹಾಸಿ ಹರವಿಬಿಡುತ್ತಾರೆ. ನಮ್ಮ ಕಡೆ ಬಿಸಿಲಿಗೆ ಅದು ಬೇಡವೇ ಬೇಡ. ಹಿಂಗಾರು ಮಳೆ ಬಂದು ತೇವ ಆಗುತ್ತೆ ಅನ್ನುವ ಭಯ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ರಟ್ಟಿನ ಡಬ್ಬಿಯಲ್ಲಿಟ್ಟು, ಮಕ್ಕಳ ಕೈಗೆ ಸಿಗದ ಅಟ್ಟದ ಮೇಲೆ ಇಡಿ.

ಆರನೇದು: ಹಚ್ಚುವ ಸಂಜೆ

ಸಮಯ ರಾತ್ರಿ 8ರಿಂದ 10. ಹತ್ತರ ಮೇಲೆ ಇಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಸದ್ದಿನ ಪಟಾಕಿ ಬೇಡ. ನರಕ ಚತುರ್ದಶಿ ದಿನ ನಸುಕಿನಲ್ಲೇ ಎಣ್ಣೆ ಸ್ನಾನ ಮಾಡಿ, ಆರತಿ ಮಾಡಿಸಿಕೊಂಡು ಪಟಾಕಿ ಹಾರಿಸುವ ರೂಢಿ ಇದ್ದವರು ಆ ಹೊತ್ತಿಗೆ ಸುರ್‌ಸುರ್ ಬತ್ತಿ ಹಚ್ಚಿ ಮುಗಿಸಿ.

ಜನ ಬರುವ ಮುಂಚೆ ಎರಡು ಬಕೆಟ್ ಇಡಿ, ಒಂದರಲ್ಲಿ ನೀರು, ಒಂದರಲ್ಲಿ ಮರಳು. ಬೋರಿಗೆ ಹಾಕಿದ ಪೈಪ್ ಇದ್ದರೆ ಎಳೆದು ಹತ್ತಿರ ಇಟ್ಟುಕೊಳ್ಳಿ. ಉರಿದ ಸುರ್‌ಸುರ್ ಬತ್ತಿಯ ತಂತಿ ಸೀದಾ ನೀರಿನ ಬಕೆಟಿಗೆ ಹೋಗಬೇಕು. ಅಂಗಳದಲ್ಲಿ ಬಿಸಾಕಿದ ಕೆಂಪಗಿನ ತಂತಿ ಎರಡು ಕ್ಷಣಕ್ಕೆ ಕಪ್ಪಾಗುತ್ತದೆ, ಬಿಸಿ ಹಾಗೇ ಇರುತ್ತದೆ, ಬರಿಗಾಲಲ್ಲಿ ಓಡಾಡುವ ಹುಡುಗರು ಅದನ್ನೇ ತುಳಿಯುತ್ತಾರೆ. ಎಲ್ಲರೂ ಚಪ್ಪಲಿ ಹಾಕಿಕೊಳ್ಳಲಿ.

ಬಟ್ಟೆ ಹತ್ತಿಯದ್ದು. ಹೊಸ ಮಿಂಚಿನ ಲಂಗ, ನೈಲಾನ್ ದುಪಟ್ಟ, ಉದ್ದ ಬಿಟ್ಟ ಇಳಕಲ್ ಸೀರೆ ಸೆರಗು ಪೂಜೆಗೆ ಇರಲಿ. ಪಟಾಕಿ ಹೊತ್ತಿಗೆ ಸೆರಗು ಸಿಕ್ಕಿಸಿ, ಕೂದಲು ಕಟ್ಟಿ.

ಹಚ್ಚುವವರು ಒಬ್ಬರೇ ಇರಲಿ, ಕುಡಿಯದವರು. ಉದ್ದ ಊದುಬತ್ತಿ ಹಿಡಿದು, ಕೈ ಚಾಚಿ, ಮುಖ ಪಕ್ಕಕ್ಕೆ ತಿರುಗಿಸಿ ಬತ್ತಿಗೆ ತಾಗಿಸಿ, ಹತ್ತಿತು ಅಂದ ಕೂಡಲೇ ಹಿಂದೆ ಸರಿಯಬೇಕು. ಬೆಂಕಿಪೊಟ್ಟಣ, ಲೈಟರ್ ಬೇಡ, ಬಗ್ಗಿ ಹಚ್ಚಬೇಕಾಗುತ್ತದೆ. ಮೂಡಗಾಳಿ ಅಂತ ಹೇಳಿದೆನಲ್ಲ, ನೋಡುವವರನ್ನು ಮೂಡಣ ಕಡೆಗೆ ನಿಲ್ಲಿಸಿ, ಹೊಗೆ ಅವರ ಮೇಲೆ ಬರುವುದಿಲ್ಲ. ಮೊಬೈಲಿನಲ್ಲಿ ವಿಡಿಯೋ ಮಾಡುವವರನ್ನು ಒಂದು ಕಣ್ಣಿಟ್ಟು ನೋಡುತ್ತಿರಿ, ಸ್ಕ್ರೀನ್ ನೋಡುತ್ತಾ ಒಂದೊಂದೇ ಹೆಜ್ಜೆ ಮುಂದೆ ಬರುತ್ತಲೇ ಇರುತ್ತಾರೆ.

ಠುಸ್ ಆದ ಪಟಾಕಿ ಹತ್ತಿರ ಯಾರೂ ಹೋಗಬಾರದು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ದೂರದಿಂದ ನೀರು ಸುರಿಯಿರಿ. ಎರಡನೇ ಸಲ ಹಚ್ಚಬೇಡಿ, ಕೈಯಲ್ಲಿ ಎತ್ತಿ ಊದಬೇಡಿ, ಡಬ್ಬದಿಂದ ಮುಚ್ಚಿ ಸಿಡಿಸುವ ಆಟ ಅಂತೂ ಬೇಡ.

ಏನಾದರೂ ಆದರೆ

ಸುಟ್ಟ ಜಾಗವನ್ನು ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಉಂಗುರ, ಬಳೆ ಕೂಡಲೇ ತೆಗೆಯಿರಿ, ಬಾತುಕೊಂಡ ಮೇಲೆ ಬರಲ್ಲ. ಐಸ್, ಪೇಸ್ಟ್, ಶಾಯಿ, ಅರಿಶಿನ, ಎಣ್ಣೆ ಯಾವುದೂ ಬೇಡ, ಆಸ್ಪತ್ರೆಯಲ್ಲಿ ಅದನ್ನು ತೊಳೆಯುವುದೇ ಇನ್ನೊಂದು ಹಿಂಸೆ. ಒಗೆದ ಬಟ್ಟೆ ಸಡಿಲವಾಗಿ ಮುಚ್ಚಿ ಕರೆದುಕೊಂಡು ಹೋಗಿ.

ಕಣ್ಣಿಗೆ ತಾಗಿದರೆ ಉಜ್ಜಬೇಡಿ, ಒತ್ತಬೇಡಿ. ಬರೀ ಪುಡಿ ಬಿದ್ದಿದ್ದರೆ ಶುದ್ಧ ನೀರಿನಿಂದ ತೊಳೆಯಬಹುದು. ರಕ್ತ ಬಂದಿದ್ದರೆ, ಏನಾದರೂ ಚುಚ್ಚಿದ್ದರೆ ತೊಳೆಯಬೇಡಿ, ಒಂದು ಪೇಪರ್ ಕಪ್ ಕಣ್ಣಿನ ಸುತ್ತ ಕೂರುವ ಹಾಗೆ ಮುಚ್ಚಿ ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ. ಬಳ್ಳಾರಿಯಲ್ಲಿ ಈಗಲೂ ಎಲ್ಲರೂ ವಿಮ್ಸ್ ಅನ್ನುವ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಆಂಬುಲೆನ್ಸಿಗೆ 108, ಬೆಂಕಿಗೆ 112.

ಮಾರನೇ ದಿನ ಬೆಳಿಗ್ಗೆ

ಕಸ ಗುಡಿಸಿ ಒಟ್ಟಿಗೆ ಬೆಂಕಿ ಹಚ್ಚಬೇಡಿ, ಅದರಲ್ಲಿ ಸಿಡಿಯದ್ದು ಒಂದಾದರೂ ಇರುತ್ತದೆ. ರಾತ್ರಿಯೇ ನೀರು ಹಾಕಿ ನೆನೆಸಿ, ಬೆಳಿಗ್ಗೆ ಬೇರೆ ಚೀಲದಲ್ಲಿ ಕಟ್ಟಿ ಕಸದ ಗಾಡಿಯವರಿಗೆ ಹೇಳಿಯೇ ಕೊಡಿ. ಹಳ್ಳಿಯವರು ಸುರ್‌ಸುರ್ ಬತ್ತಿಯ ತಂತಿಗಳನ್ನು ಮಾತ್ರ ಒಂದೊಂದಾಗಿ ಆರಿಸಿ ತೆಗೆಯಿರಿ, ತಿಪ್ಪೆಗೂ ಹಾಕಬೇಡಿ. ಮೇವಿನ ಜೊತೆ ದನದ ಹೊಟ್ಟೆಗೆ ಹೋದರೆ ಆ ತಂತಿ ಒಳಗೆ ಚುಚ್ಚಿಕೊಳ್ಳುತ್ತದೆ. ಹಳೇ ಸ್ಪೀಕರಿನ ಆಯಸ್ಕಾಂತ ಇದ್ದರೆ ದಾರ ಕಟ್ಟಿ ಅಂಗಳದ ತುಂಬ ಎಳೆದಾಡಿ, ಪೊರಕೆಗೆ ಸಿಗದ ತಂತಿಯೂ ಅಂಟಿಕೊಂಡು ಬರುತ್ತದೆ. ಈ ಕೆಲಸವನ್ನು ಹುಡುಗರಿಗೆ ಕೊಟ್ಟರೆ ಖುಷಿಯಿಂದಲೇ ಮಾಡುತ್ತಾರೆ.